ಖಾಲಿ ಕಾಲುವೆಯ ಮೇಲೆ ಎಲ್ಲರ ಕಣ್ಣು

"ಸಾರ್, ಇಷ್ಟೊಂದು ಜಾಗ ಸುಮ್ಮನೆ ಬಿದ್ದಿದೆಯಲ್ಲ, ಏನಾದರೂ ಮಾಡಬಾರದಾ?" ನದಿಯ ಪ್ರವಾಹದ ನೀರನ್ನು ಊರಿನ ಹೊರಗಿನಿಂದ ಸಾಗಿಸಲು ತೋಡಿದ ನೆರೆ ಕಾಲುವೆಯ ದಂಡೆ ಮೇಲೆ ನಿಂತಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವವರು ಕೆಟ್ಟವರಲ್ಲ. ವರ್ಷಗಟ್ಟಲೆ ನೀರು ಕಾಣದ ಅಗಲವಾದ ತಗ್ಗು ಕಂಡರೆ ಯಾರಿಗಾದರೂ ಕೈ ತುರಿಸುತ್ತದೆ.

ತೊಂದರೆ ಎಲ್ಲಿದೆಯೆಂದರೆ, ಎಲ್ಲರೂ ಕಾಲುವೆಯನ್ನು ತೊಟ್ಟಿಯ ಹಾಗೆ ಅಳೆಯುತ್ತಾರೆ. ಇಷ್ಟು ದೊಡ್ಡದರಲ್ಲಿ ಒಂದು ಶೆಡ್ ಎಷ್ಟು ಜಾಗ ತಿಂದೀತು ಎನ್ನುವುದು ಅವರ ವಾದ. ಆದರೆ ಕಾಲುವೆ ನೀರು ತುಂಬಿಡುವುದಕ್ಕಲ್ಲ, ಊರನ್ನು ಸುತ್ತಿ ನೀರು ಓಡುವುದಕ್ಕೆ. ಹೆದ್ದಾರಿಯ ನಡುವೆ ಲಾರಿ ಕೆಟ್ಟು ನಿಂತರೆ ಅದು ಎಷ್ಟು ಚದರಡಿ ಹಿಡಿಯಿತು ಅಂತ ಯಾರಾದರೂ ಲೆಕ್ಕ ಹಾಕುತ್ತಾರೆಯೇ?

ಶೆಡ್ ಬಿಡಿ, ಬರೀ ಪೊದೆಯ ಲೆಕ್ಕ ನೋಡಿ. ತಳದ ಒರಟುತನಕ್ಕೆ ನಾವು ಬಳಸುವ ಮ್ಯಾನಿಂಗ್ ಗುಣಾಂಕ (ಅದು ಹೆಚ್ಚಿದಷ್ಟೂ ನೀರು ನಿಧಾನ) ಕತ್ತರಿಸಿದ ಹುಲ್ಲಿಗೆ ಸುಮಾರು 0.03, ಪೊದೆ ಬೆಳೆದರೆ 0.06 ದಾಟುವುದು ಸಾಮಾನ್ಯ. ಒರಟುತನ ಇಮ್ಮಡಿಯಾದರೆ, ಅಗಲವಾದ ಕಾಲುವೆಯಲ್ಲಿ 4 ಮೀಟರ್ ಆಳದಲ್ಲಿ ಹರಿದುಹೋಗುತ್ತಿದ್ದ ಅಷ್ಟೇ ನೀರಿಗೆ 6 ಮೀಟರ್ ಆಳ ಬೇಕಾಗುತ್ತದೆ. ಇದು ಅಂದಾಜು; ತಿರುವು, ಸೇತುವೆ, ಹೂಳು ಸೇರಿದರೆ ಬದಲಾಗುತ್ತದೆ. ದಂಡೆ ಇರುವುದು 5 ಮೀಟರ್ ಎತ್ತರ ಎಂದಾದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ: ಕಾಲುವೆಯಲ್ಲಿ ನೀರು ತಡೆದರೆ ಅದರ ಬಾಯಿಯೊಳಗೆ ಬರುವ ನೀರೇ ಕಡಿಮೆಯಾಗುತ್ತದೆ, ಉಳಿದದ್ದು ಹಳೇ ನದಿಯಲ್ಲೇ ಊರಿನತ್ತ ಹೋಗುತ್ತದೆ. ಅಡ್ಡಿ ಮಾಡಿದ್ದು ಒಬ್ಬ, ನೀರು ನುಗ್ಗುವುದು ಇನ್ನೊಬ್ಬನ ಅಂಗಳಕ್ಕೆ.

ಕೆನಡಾದ ವಿನ್ನಿಪೆಗ್‌ನಲ್ಲಿ 1950ರ ಪ್ರವಾಹದ ನಂತರ ರೆಡ್ ನದಿಗೆ 47 ಕಿ.ಮೀ. ಉದ್ದದ ಕಾಲುವೆ ತೋಡಿದರು. 1968ರಲ್ಲಿ ಕೆಲಸ ಮುಗಿಯಿತು. ಅದನ್ನು ಮಾಡಿಸಿದ ಆ ಪ್ರಾಂತ್ಯದ ಮುಖ್ಯಮಂತ್ರಿ ಡಫ್ ರೋಬ್ಲಿನ್ ಅವರನ್ನು ಆಡಿಕೊಂಡು ಜನ ಅದಕ್ಕೆ 'ಡಫ್‌ನ ಹಳ್ಳ' ಅಂದರು. 1997ರ ಮಹಾಪೂರದಲ್ಲಿ ನಗರದ ಬಹುಭಾಗ ಉಳಿದದ್ದು ಆ ಹಳ್ಳದಿಂದಲೇ.

ಹಾಗಂತ ಯಾರೂ ಕಾಲಿಡಬಾರದು ಅಂತಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1972ರಿಂದ 1988ರವರೆಗೆ ತೋಡಿದ 21 ಕಿ.ಮೀ. ಉದ್ದದ 'ಹೊಸ ಡ್ಯಾನ್ಯೂಬ್' ಎಂಬ ನೆರೆ ಕಾಲುವೆಯಲ್ಲಿ ಜನ ಬೇಸಿಗೆಯಲ್ಲಿ ಈಜುತ್ತಾರೆ. ನೆರೆ ಬಂದಾಗ ಗೇಟು ತೆರೆದು ನೀರಿಗೆ ದಾರಿ ಬಿಡುತ್ತಾರೆ. ಆಟದ ಬಯಲು, ಕಾಲುದಾರಿಗೆ ನನ್ನ ತಕರಾರು ಕಡಿಮೆ, ಅದೂ ಮುನ್ಸೂಚನೆ ಸಿಕ್ಕ ಕೂಡಲೇ ಜಾಗ ಖಾಲಿ ಮಾಡಿಸುವ ಏರ್ಪಾಡು ಇದ್ದರೆ ಮಾತ್ರ.

ಒಮ್ಮೆ ಒಬ್ಬ ಹಿರಿಯರು ಕಾಲುವೆಗೆ ಅಡ್ಡಲಾಗಿ ತಂತಿಬೇಲಿ ಹಾಕಿಸಿದ್ದರು. "ತೂತುತೂತು ಬೇಲಿ ಕಣಯ್ಯ, ನೀರು ಅದರಷ್ಟಕ್ಕೆ ಅದು ದಾಟಿ ಹೋಗುತ್ತೆ" ಎಂದು ನನ್ನನ್ನೇ ಸಮಾಧಾನ ಮಾಡಿದ್ದರು. ನೆರೆ ಇಳಿದ ಮೇಲೆ ಇಬ್ಬರೂ ಹೋಗಿ ನೋಡಿದೆವು. ಒಣಹುಲ್ಲು, ಪ್ಲಾಸ್ಟಿಕ್ ಚೀಲ, ಬುಡಸಮೇತ ಕಿತ್ತುಬಂದ ಜೊಂಡು ಸಿಕ್ಕಿಕೊಂಡು ಬೇಲಿ ಗೋಡೆಯಾಗಿತ್ತು. ಕಂಬದ ಈ ಕಡೆ ಕೆಸರಿನ ಗುರುತು ಅವರ ಎದೆಮಟ್ಟ, ಆ ಕಡೆ ಸೊಂಟದ ಮಟ್ಟ. ಎರಡೂ ಗುರುತಿನ ನಡುವೆ ಗೇಣು ಹಾಕಿ ಅಳೆದು ನೋಡಿದರು, ಮತ್ತೊಮ್ಮೆ ಅಳೆದರು. ಆಮೇಲೆ, "ನೀರು ಹರಿಯೋ ದಿಕ್ಕಿಗೇ ಉದ್ದುದ್ದ ಹಾಕಿಸಿದರೆ ಪರವಾಗಿಲ್ಲವಾ?" ಎಂದು ಕೇಳಿದರು.