ಕಲೆಯ ಅನುಭವದಲ್ಲಿ ನೋಡುಗನ ಪಾಲು: ಅಧ್ಯಯನ ಟಿಪ್ಪಣಿ

ಕಲೆಯ ಅನುಭವದಲ್ಲಿ ನೋಡುಗನ ಪಾಲೇನು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದಾಗ ‘ಕಲೆ ಅವರವರ ಭಾವಕ್ಕೆ’ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಮಾತು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನೋಡುಗ ತನ್ನೊಂದಿಗೆ ತರುವುದರಲ್ಲಿ ಯಾವುದು ಅನುಭವಕ್ಕೆ ಒದಗುತ್ತದೆ, ಯಾವುದು ಅಡ್ಡ ಬರುತ್ತದೆ? ಕೇಳಬೇಕಾದ್ದು ಇದು.

ಇದನ್ನು ಬಿಡಿಸಿ ನೋಡಿದವನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ. ರತಿ, ಶೋಕ, ಭಯ ಮೊದಲಾದ ಸ್ಥಾಯಿಭಾವಗಳು (ನೆಲೆನಿಂತ ಮೂಲ ಭಾವಗಳು) ಎಲ್ಲರ ಮನಸ್ಸಿನಲ್ಲೂ ವಾಸನಾರೂಪದಲ್ಲಿ, ಅಂದರೆ ಒಳಗೆ ಅಡಗಿದ ಸಂಸ್ಕಾರಗಳಾಗಿ ಇರುತ್ತವೆ, ನಾಟಕ ಅವನ್ನು ಎಬ್ಬಿಸುತ್ತದೆ ಎನ್ನುತ್ತಾನೆ. ಈ ವಾಸನೆಯೇ ಇಲ್ಲದವನಿಗೆ ರಸವೂ (ಆ ಭಾವವನ್ನು ಕಲೆಯಲ್ಲಿ ಸವಿಯುವ ಅನುಭವವೂ) ಇಲ್ಲ. ಹಾಗೆಂದು ಸ್ವಂತ ಬದುಕೆಲ್ಲ ಕಲೆಗೆ ಒದಗಿಬರುತ್ತದೆಯೇ? ಇಲ್ಲ. ಅಭಿನವಗುಪ್ತ ಹೇಳುವ ಏಳು ರಸವಿಘ್ನಗಳಲ್ಲಿ (ರಸಾನುಭವಕ್ಕೆ ಬರುವ ಅಡ್ಡಿಗಳಲ್ಲಿ) ‘ನಿಜಸುಖಾದಿವಿವಶೀಭಾವ’ವೂ ಒಂದು, ಅಂದರೆ ತನ್ನದೇ ಸುಖದುಃಖದಲ್ಲಿ ಮುಳುಗಿಹೋಗುವುದು. ಈಚೆಗಷ್ಟೇ ತಂದೆಯನ್ನು ಕಳೆದುಕೊಂಡವನು ರಂಗದ ಮೇಲಿನ ಸಾವು ನೋಡಿ ಅಳಬಹುದು. ಆ ಅಳು ತನ್ನ ತಂದೆಗಾಗಿಯೇ ಆದರೆ ಅದು ಶೋಕ, ಕರುಣರಸವಲ್ಲ. ‘ನನ್ನದು’, ‘ಅವನದು’ ಎಂಬ ಅಂಟು ಬಿಡುವುದೇ ಸಾಧಾರಣೀಕರಣ. (ಈ ಕಲ್ಪನೆಯನ್ನು ಮೊದಲು ಮುಂದಿಟ್ಟವನು ಅವನಿಗಿಂತ ಹಿಂದಿನ ಕಾವ್ಯಮೀಮಾಂಸಕ ಭಟ್ಟನಾಯಕ, ಪರೀಕ್ಷೆಯಲ್ಲಿ ಅಭಿನವಗುಪ್ತನ ಲೆಕ್ಕಕ್ಕೆ ಬರೆದುಬಿಡಬೇಡಿ.)

ಇನ್ನೊಂದು ತಪ್ಪು ತಿಳಿವಳಿಕೆ: ಮೊದಲು ನೋಡುತ್ತೇವೆ, ಆಮೇಲೆ ಅರ್ಥ ಹಚ್ಚುತ್ತೇವೆ ಎಂಬುದು. ರಷ್ಯಾದ ಮನೋವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಮಾಡಿದ, 1960ರ ದಶಕದಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಅಲ್ಲಗಳೆಯುತ್ತದೆ. ಅವನು ಬಳಸಿದ್ದು ರಷ್ಯಾದ ಚಿತ್ರಕಾರ ಇಲ್ಯಾ ರೇಪಿನ್‌ನ ಪ್ರಸಿದ್ಧ ಚಿತ್ರ. ಗಡಿಪಾರಾಗಿದ್ದವನೊಬ್ಬ ಸುಳಿವು ಕೊಡದೆ ಮನೆಯೊಳಗೆ ಕಾಲಿಡುತ್ತಾನೆ. ಮನೆಮಂದಿ ಅವನತ್ತ ತಿರುಗಿದ್ದಾರೆ. ಯಾರ್ಬಸ್ ಒಬ್ಬನೇ ನೋಡುಗನಿಗೆ ಇದನ್ನು ಮತ್ತೆ ಮತ್ತೆ ತೋರಿಸಿ, ಪ್ರತಿ ಸಲ ಬೇರೆ ಪ್ರಶ್ನೆ ಕೇಳಿ, ಕಣ್ಣಿನ ಚಲನೆಯನ್ನು ದಾಖಲಿಸಿದ. ಇವರ ವಯಸ್ಸೆಷ್ಟು ಎಂದಾಗ ನೋಟ ಮುಖಗಳ ಮೇಲೆ ನಿಂತಿತು. ಸ್ಥಿತಿವಂತರೋ ಬಡವರೋ ಎಂದಾಗ ಬಟ್ಟೆಬರೆ, ಪೀಠೋಪಕರಣಗಳತ್ತ ಹೋಯಿತು. ಬಂದವನು ಎಷ್ಟು ಕಾಲ ದೂರವಿದ್ದ ಎಂದಾಗ ಅವನ ಮುಖಕ್ಕೂ ಮಕ್ಕಳ ಮುಖಕ್ಕೂ ನಡುವೆ ಓಡಾಡಿತು. ಪ್ರಶ್ನೆಗಳು ಹೊರಗಿನಿಂದ ಬಂದವು, ನಿಜ. ಆದರೆ ಯಾರೂ ಕೇಳದಿದ್ದಾಗಲೂ ನಮ್ಮ ಕುತೂಹಲ ಇದೇ ಕೆಲಸ ಮಾಡುತ್ತಿರುತ್ತದೆ ಎಂದು ನನಗನ್ನಿಸುತ್ತದೆ.

ಕಲಾವಿದನ ಉದ್ದೇಶ ಕೃತಿಯ ಅಳತೆಗೋಲಲ್ಲ ಎಂದು ಅಮೆರಿಕದ ಸಾಹಿತ್ಯ ಚಿಂತಕರಾದ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲಿ ವಾದಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಓದುಗನಲ್ಲಿ ಎದ್ದ ಭಾವವೂ ಅಳತೆಗೋಲಲ್ಲ ಎಂದು 1949ರಲ್ಲಿ ಅವರೇ ಬರೆದದ್ದು ಮರೆತುಹೋಗುತ್ತದೆ. ರೇಪಿನ್ ಅಂತೂ ಬಂದವನ ಮುಖಭಾವವನ್ನು ಹಲವು ಸಲ ತಿದ್ದಿದ; ಅವುಗಳಲ್ಲಿ ಯಾವುದನ್ನು ‘ಉದ್ದೇಶ’ ಎನ್ನೋಣ?

ಹಾಗಾದರೆ ವ್ಯಾಖ್ಯಾನವನ್ನು ಒರೆಗೆ ಹಚ್ಚುವುದು ಹೇಗೆ? ಚಿತ್ರದಲ್ಲಿರುವುದರ ಮೇಲೆಯೇ. ‘ಎಲ್ಲರಿಗೂ ಸಂತೋಷವಾಗಿದೆ’ ಎಂದರೆ ಮೇಜಿನ ಬಳಿ ಅಳುಕುತ್ತ ನೋಡುವ ಹುಡುಗಿ ಒಪ್ಪುವುದಿಲ್ಲ. ‘ಯಾರೂ ಅವನನ್ನು ಗುರುತಿಸಲಿಲ್ಲ’ ಎಂದರೆ ಅವಳ ಪಕ್ಕದಲ್ಲೇ ಮುಖ ಅರಳಿದ ಹುಡುಗ ಬಿಡುವುದಿಲ್ಲ. ಕುರ್ಚಿಯಿಂದ ಅರ್ಧ ಎದ್ದ ಮುದುಕಿಯ ಮನಸ್ಸಿನಲ್ಲಿ ಏನಿದೆ ಎಂಬುದಕ್ಕೆ ಮಾತ್ರ ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಜಾಗವಿದೆ: ಅವಳು ನಮಗೆ ಬೆನ್ನು ತಿರುಗಿಸಿದ್ದಾಳೆ.