1948ಕ್ಕೂ ಮೊದಲೇ ಎಳೆದ ಗೆರೆಗಳು

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ ಎಂದೊಡನೆ ಎಲ್ಲರಿಗೂ ನೆನಪಾಗುವ ವರ್ಷ 1948. ಬಿಳಿಯರ ಪಕ್ಷವಾದ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ಅದನ್ನು ಸರ್ಕಾರದ ಧ್ಯೇಯವಾಗಿಸಿದ್ದು ಆಗಲೇ. ಆದರೆ ಅದಕ್ಕೆ ಬೇಕಾದ ಕಾನೂನು, ಕಾಗದ, ನಕ್ಷೆಗಳೆಲ್ಲ ಅಷ್ಟು ಹೊತ್ತಿಗೆ ಬಳಸಿ ಹಳತಾಗಿದ್ದವು.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ತಂಗಿದ್ದು ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸಲು. ಕೆಲವೇ ವರ್ಷಗಳಲ್ಲಿ ಅದು ಖೋಯ್‌ಖೋಯ್ ದನಗಾಹಿಗಳ ಹುಲ್ಲುಗಾವಲನ್ನು ಕಬಳಿಸಿ, ಅವರು ಒಳಬರದಂತೆ 1660ರಲ್ಲಿ ಕಹಿಬಾದಾಮಿ ಗಿಡಗಳ ಬೇಲಿ ಬೆಳೆಸಿತು. ನಂತರ ಬಂದ ಬ್ರಿಟಿಷರು 1809ರಲ್ಲಿ ಇನ್ನೂ ಮುಂದೆ ಹೋದರು: ಖೋಯ್‌ಖೋಯ್ ಜನ ಊರಿಂದೂರಿಗೆ ಹೋಗಲು ಪಾಸ್ ಬೇಕಾಯಿತು. ನೆಲ ಕಳೆದುಕೊಂಡು, ಓಡಾಡುವ ಹಕ್ಕನ್ನೂ ಕಳೆದುಕೊಂಡವರು ಬಿಳಿಯರ ಜಮೀನಿನಲ್ಲಿ ದುಡಿಯದೆ ಮತ್ತೇನು ಮಾಡಿಯಾರು?

1886ರಲ್ಲಿ ಈಗಿನ ಜೋಹಾನ್ಸ್‌ಬರ್ಗ್ ಸುತ್ತಲಿನ ವಿಟ್‌ವಾಟರ್ಸ್‌ರ‍್ಯಾಂಡ್‌ನಲ್ಲಿ ಚಿನ್ನ ಸಿಕ್ಕಿದಾಗ ಈ ವ್ಯವಸ್ಥೆಗೆ ಕೈಗಾರಿಕೆಯ ಬಲ ಬಂತು. ಅಲ್ಲಿನ ಅದಿರು ವಿಪುಲ, ಆದರೆ ಅದರಲ್ಲಿ ಚಿನ್ನದ ಅಂಶ ತೀರಾ ಕಡಿಮೆ, ಜೊತೆಗೆ ಆಳದಲ್ಲಿತ್ತು. ಚಿನ್ನದ ಬೆಲೆ ಜಗತ್ತಿನಾದ್ಯಂತ ನಿಗದಿಯಾಗಿದ್ದರಿಂದ ಗಣಿ ಮಾಲೀಕರು ಅದನ್ನು ಏರಿಸುವಂತಿರಲಿಲ್ಲ. ಇಳಿಸಬಹುದಾಗಿದ್ದದ್ದು ಕೂಲಿಯನ್ನು ಮಾತ್ರ. ಯುದ್ಧಗಳಲ್ಲಿ ಸೋತ ಆಫ್ರಿಕನ್ನರಿಗೆ ಉಳಿಸಿದ್ದ ಇಕ್ಕಟ್ಟಾದ ಮೀಸಲು ಪ್ರದೇಶಗಳು ಇಲ್ಲಿ ಉಪಯೋಗಕ್ಕೆ ಬಂದವು. ಗುಡಿಸಲಿಗೆ, ತಲೆಗೆ ತೆರಿಗೆ ಹಾಕಿದರೆ ನಗದಿಗಾಗಿ ಗಂಡಸರು ಗಣಿಗೆ ಬರಲೇಬೇಕು. ಹೆಂಡತಿ ಮಕ್ಕಳು ಊರಲ್ಲಿ ಬೆಳೆದುಕೊಂಡು ತಿನ್ನುತ್ತಾರೆಂಬ ನೆಪದಲ್ಲಿ ಒಬ್ಬನ ಹೊಟ್ಟೆಗೆ ಸಾಲುವಷ್ಟೇ ಕೂಲಿ. ಕೆಮ್ಮು ಹಿಡಿದವನನ್ನು ಊರಿಗೆ ಅಟ್ಟಿದರಾಯಿತು. ಕ್ಷಯ ಹಳ್ಳಿಗಳಿಗೆ ಹಬ್ಬಿದ್ದು ಹಾಗೆಯೇ. ಜನರನ್ನು ದೂರವಿಟ್ಟದ್ದು ಕೇವಲ ದ್ವೇಷದಿಂದಲ್ಲ, ಅದರಲ್ಲಿ ಲಾಭದ ಲೆಕ್ಕವಿತ್ತು ಎಂಬುದನ್ನು ಮರೆಯಬಾರದು.

ವೈದ್ಯವಿಜ್ಞಾನವನ್ನೂ ಈ ಕೆಲಸಕ್ಕೆ ಹಚ್ಚಿದರು. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಅದೇ ಜಾಗತಿಕ ಪ್ಲೇಗ್ 1901ರಲ್ಲಿ ಕೇಪ್‌ಟೌನ್ ತಲುಪಿತು. ಇಲಿಗಳು ಬಂದದ್ದು ಬ್ರಿಟಿಷ್ ಸೇನೆಯ ಕುದುರೆಗಳಿಗೆ ಮೇವು ತಂದ ಹಡಗುಗಳಲ್ಲಿ. ಸೋಂಕು ತಗುಲಿದವರಲ್ಲಿ ಬಿಳಿಯರು ಮತ್ತು ಮಿಶ್ರವರ್ಣದವರ ಸಂಖ್ಯೆ ಆಫ್ರಿಕನ್ನರಿಗಿಂತ ಹೆಚ್ಚಿತ್ತು. ಆದರೂ ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿ ಸಾವಿರಾರು ಆಫ್ರಿಕನ್ನರನ್ನು ಮಾತ್ರ ಊರಾಚೆಯ ಯಟ್‌ಫ್ಲುಗ್ಟ್‌ಗೆ ಸಾಗಿಸಿ ಕಾವಲು ಹಾಕಿದರು. ಪ್ಲೇಗ್ ಹೋಯಿತು, ಶಿಬಿರ ಉಳಿಯಿತು. ಮರುವರ್ಷವೇ ಕಾಯಿದೆ ತಂದು ಅದನ್ನು ಕಾಯಂಗೊಳಿಸಿದರು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲೂ ಇದೇ ನಡೆಯಿತು. ಗಾಂಧೀಜಿ ರೋಗಿಗಳ ಶುಶ್ರೂಷೆ ಮಾಡಿದ್ದ ಭಾರತೀಯರ ಕೇರಿಯನ್ನು ಸುಟ್ಟು, ನಿವಾಸಿಗಳನ್ನು ಕ್ಲಿಪ್‌ಸ್ಪ್ರಟ್‌ಗೆ ಕಳಿಸಿದರು. ಮುಂದೆ ಆಫ್ರಿಕನ್ನರ ದೊಡ್ಡ ವಸತಿ ಪ್ರದೇಶ ಸೊವೆಟೊ ಬೆಳೆದದ್ದು ಆ ಕಡೆಯಲ್ಲೇ.

ಆಮೇಲಿನದು ಕಾನೂನಿನ ಕೆಲಸ. 1913ರ ಭೂ ಕಾಯಿದೆ ದೇಶದ ಸುಮಾರು ಶೇ. 7ರಷ್ಟು ನೆಲವನ್ನು ಮಾತ್ರ ಜನಸಂಖ್ಯೆಯ ಮೂರನೇ ಎರಡರಷ್ಟಿದ್ದ ಆಫ್ರಿಕನ್ನರಿಗೆ ಬಿಟ್ಟಿತು. 1923ರ ಕಾಯಿದೆ ನಗರಗಳನ್ನು ಬಣ್ಣದ ಆಧಾರದ ಮೇಲೆ ವಿಂಗಡಿಸಿತು. 1950ರ ದಶಕದ ಕ್ರೂರ ಶಾಸನಗಳು ಕಟ್ಟಿದ್ದು ಈ ತಳಪಾಯದ ಮೇಲೆ. ಭೂ ಕಾಯಿದೆ 1991ರಲ್ಲಿ ರದ್ದಾಯಿತು. ಆದರೆ 2017ರ ಸರ್ಕಾರಿ ಭೂಪರಿಶೀಲನೆಯ ಪ್ರಕಾರ, ವ್ಯಕ್ತಿಗಳ ಹೆಸರಿನಲ್ಲಿರುವ ಕೃಷಿಭೂಮಿಯಲ್ಲಿ ಶೇ. 72ರಷ್ಟು ಆಗಲೂ ಬಿಳಿಯರ ಬಳಿಯೇ ಇತ್ತು.