ಗೋಲಿ ಸಾಲಿನ ಆಟ ಮತ್ತು ಅದರ ಬೀಗ ತೆಗೆದ ಎಂಜಿನ್

ಪರದೆಯ ಮಧ್ಯೆ ಒಂದು ಕಲ್ಲಿನ ಕಪ್ಪೆ. ಬಾಯಿಂದ ಬಣ್ಣದ ಗೋಲಿ ಉಗುಳುತ್ತದೆ. ಸುತ್ತಲೂ ಹಾವಿನ ಹಾಗೆ ಗೋಲಿಗಳ ಸಾಲು ಉರುಳಿಕೊಂಡು ಬರುತ್ತಿರುತ್ತದೆ. ಒಂದೇ ಬಣ್ಣದ ಮೂರು ಸೇರಿದರೆ ಸಿಡಿಯುತ್ತವೆ, ಸಾಲು ತಲೆಬುರುಡೆಯ ಬಾಯಿ ಮುಟ್ಟಿದರೆ ಆಟ ಮುಗೀತು. 2003ರಲ್ಲಿ ಪಾಪ್‌ಕ್ಯಾಪ್ ಕಂಪನಿ ತಂದ ಜೂಮಾ ಇದು. ಇದರ 60 ನಿಮಿಷದ ಟ್ರಯಲ್ ಮುಗಿಯುವ ಹೊತ್ತಿಗೆ ಎಷ್ಟು ಬೇಜಾರಾಗುತ್ತಿತ್ತು ಅಂತ ಆ ಕಾಲದಲ್ಲಿ ಮನೆಗೆ ಮೊದಲ ಕಂಪ್ಯೂಟರ್ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಬಗೆಯ ಆಟ ಹುಟ್ಟಿದ್ದು ಜೂಮಾದಿಂದ ಅಲ್ಲ. 1998ರಲ್ಲಿ ಜಪಾನಿನ ಮಿಚೆಲ್ ಕಾರ್ಪೊರೇಷನ್ ಆರ್ಕೇಡ್‌ಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ, ಪಜ್ ಲೂಪ್ ಅಂತ ಒಂದು ಆಟ ತಂದಿತ್ತು. ಸುರುಳಿ ದಾರಿ, ನಡುವೆ ತಿರುಗುವ ಬಂದೂಕು, ಮೂರು ಸೇರಿದರೆ ಮಾಯ. ಮೂಲ ಆಲೋಚನೆ ಪೂರ್ತಿ ಅಲ್ಲೇ ಇತ್ತು. ಮುಂದೆ ಪ್ಲೇಸ್ಟೇಷನ್‌ನಲ್ಲಿ ಅದೇ ಆಟ ಬಲಿಸ್ಟಿಕ್ ಅನ್ನೋ ಹೆಸರಿನಲ್ಲಿ ಅಮೆರಿಕಕ್ಕೂ ಹೋಯಿತು. ಜೂಮಾ ಗೆದ್ದ ಮೇಲೆ ಇದು ನಮ್ಮ ಆಟದ ನಕಲು ಅಂತ ಮಿಚೆಲ್ ತಕರಾರು ತೆಗೆಯಿತು, ಪಾಪ್‌ಕ್ಯಾಪ್ ಕಡೆಯವರು ಪೂರ್ತಿ ನಕಲು ಅಲ್ಲ ಅಂದರು. 2005ರಲ್ಲಿ ಮಂಬೋಜಂಬೋ ಕಂಪನಿಯ ಲಕ್ಸರ್ ಬಂತು. ಇಲ್ಲಿ ಕಪ್ಪೆ ಇಲ್ಲ, ಈಜಿಪ್ಟಿನ ಕಥೆ. ಕೆಳಗಡೆ ಎಡಕ್ಕೆ ಬಲಕ್ಕೆ ಸರಿಯುವ ರೆಕ್ಕೆಯ ಜೀರುಂಡೆ ಮೇಲಕ್ಕೆ ಗೋಲಿ ಹಾರಿಸುತ್ತದೆ. ಮರುವರ್ಷ ಲಕ್ಸರ್ 2, ಅದರ ಮರುವರ್ಷ ಲಕ್ಸರ್ 3. ಆಮೇಲೆ ಬಂದ ನಕಲುಗಳನ್ನು ಲೆಕ್ಕ ಹಾಕುತ್ತಾ ಕೂತರೆ ಮುಗಿಯೋದಿಲ್ಲ.

ಒಂದು ಆಟವನ್ನು ಜಾಸ್ತಿ ಇಷ್ಟಪಟ್ಟವರು ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡದೆ ಬಿಡೋದಿಲ್ಲ, ಅಲ್ವಾ? ಜೂಮಾದ ಫೋಲ್ಡರ್ ತೆರೆದರೆ ಹಂತಗಳ ವಿವರ ಒಂದು ಎಕ್ಸ್‌ಎಂಎಲ್ ಫೈಲಿನಲ್ಲೇ ಕಾಣುತ್ತಿತ್ತು. ಗೋಲಿಗಳ ವೇಗ ಎಷ್ಟು, ಹಂತ ದಾಟಲು ಎಷ್ಟು ಅಂಕ ಬೇಕು, ಎಷ್ಟು ಬಣ್ಣ ಬರಬೇಕು ಎಲ್ಲ ನೋಟ್‌ಪ್ಯಾಡಿನಲ್ಲೇ ಬದಲಿಸಬಹುದಿತ್ತು. ಚಿತ್ರ ಬದಲಿಸಿದರು, ಸದ್ದು ಬದಲಿಸಿದರು. ದಾರಿಯ ವಿವರ ಇದ್ದ, ನೋಟ್‌ಪ್ಯಾಡಿನಲ್ಲಿ ಓದಲಾಗದ ಬೈನರಿ ಫೈಲನ್ನೂ ಬಿಡಿಸಿ ಹೊಸ ದಾರಿಗಳನ್ನು ಎಳೆದರು. ಮಾಡಿಂಗ್ ಅಂದರೆ ಇದೇ.

ಆದರೆ ಅದಕ್ಕೆ ಒಂದು ಮಿತಿ ಇತ್ತು. ಚಿತ್ರ, ಹಂತ, ಅಂಕಿಗಳು ಹೊರಗಿದ್ದರೂ ಆಟದ ನಿಯಮ ಮಾತ್ರ ಆಟ ಓಡಿಸುವ ಇಎಕ್ಸ್‌ಇ ಫೈಲಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು. ಜೂಮಾದಲ್ಲಿ ಆರು ಬಣ್ಣ. ಏಳನೆಯದು ಬೇಕು ಅಂದರೆ ಫೈಲಿನಲ್ಲಿ ಒಂದು ಅಂಕಿ ಬದಲಿಸಿದರೆ ಸಾಲದು. ಹೊಸ ಬಗೆಯ ಪವರ್‌ಅಪ್ (ಆಟಗಾರನಿಗೆ ಸ್ವಲ್ಪ ಹೊತ್ತು ಸಿಗುವ ವಿಶೇಷ ಶಕ್ತಿ) ಬೇಕು, ಮೂರರ ಬದಲು ನಾಲ್ಕು ಸೇರಿದಾಗ ಸಿಡಿಯಬೇಕು ಅಂದರೆ ದಾರಿಯೇ ಇಲ್ಲ. ಮಾಡ್ ಮಾಡುವವರು ವರ್ಷಗಟ್ಟಲೆ ಈ ಗೋಡೆಗೆ ತಲೆ ಚಚ್ಚಿಕೊಂಡರು.

ಅಷ್ಟರಲ್ಲಿ ಇನ್ನೊಂದು ತೊಂದರೆಯೂ ಶುರುವಾಯಿತು. ಆಟಗಳೇ ಸಾಯತೊಡಗಿದವು. 2011ರಲ್ಲಿ ಪಾಪ್‌ಕ್ಯಾಪ್ ಅನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಕೊಂಡುಕೊಂಡಿತು, 2012ರಲ್ಲಿ ಮಿಚೆಲ್ ಕಾರ್ಪೊರೇಷನ್ ಮುಚ್ಚಿತು. 2019ರಲ್ಲಿ ಆಪಲ್ ತನ್ನ ಕ್ಯಾಟಲಿನಾ ಅನ್ನೋ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹಳೆಯ ಬಗೆಯ 32 ಬಿಟ್ ಪ್ರೋಗ್ರಾಮುಗಳನ್ನು ಕೈಬಿಟ್ಟಾಗ ಮ್ಯಾಕ್‌ನ ಹಳೆಯ ಆಟಗಳು ಒಂದೇ ಏಟಿಗೆ ನಿಂತುಹೋದವು. 2020ರ ಕೊನೆಗೆ ಫ್ಲ್ಯಾಶ್ ಹೋಯಿತು, ಬ್ರೌಸರಿನಲ್ಲಿ ಆಡುತ್ತಿದ್ದ ಗೋಲಿ ಆಟಗಳೂ ಅದರ ಜೊತೆಗೆ ಹೋದವು. ಕಾಸು ಕೊಟ್ಟು ಕೊಂಡ ಆಟ ಹಾಗೇ ಇದೆ, ಫೈಲುಗಳು ಹಾಗೇ ಇವೆ, ಓಡಿಸುವ ಯಂತ್ರ ಮಾತ್ರ ಇಲ್ಲ. ನನಗೆ ಇದು ಸಣ್ಣ ವಿಷಯ ಅಂತ ಯಾವತ್ತೂ ಅನ್ನಿಸಿಲ್ಲ. ಹಾಡಿನ ಕ್ಯಾಸೆಟ್ ಕೈಯಲ್ಲಿದ್ದು ಟೇಪ್‌ರೆಕಾರ್ಡರ್ ಇಲ್ಲದ ಹಾಗೆ.

ಇದಕ್ಕೆ ಪರಿಹಾರ ಬೇರೆ ಆಟಗಳ ಜಗತ್ತಿನಲ್ಲಿ ಆಗಲೇ ಸಿಕ್ಕಿತ್ತು. ಡೂಮ್ ಆಟದ ಮೂಲ ಕೋಡನ್ನು 1997ರಲ್ಲಿ ಅದರ ಕಂಪನಿಯೇ ಹೊರಗೆ ಬಿಟ್ಟಿತು. ಕೋಡ್ ಸಿಗದ ಕಡೆ ಜನ ತಾವೇ ಎಂಜಿನ್, ಅಂದರೆ ಆಟವನ್ನು ನಡೆಸುವ ಪ್ರೋಗ್ರಾಮ್, ಬರೆದರು. ಹಳೆಯ ಸಾಹಸದ ಆಟಗಳಿಗೆ 2001ರಲ್ಲಿ ಸ್ಕಮ್‌ವಿಎಂ, ಟ್ರಾನ್ಸ್‌ಪೋರ್ಟ್ ಟೈಕೂನಿಗೆ 2004ರಲ್ಲಿ ಓಪನ್‌ಟಿಟಿಡಿ. ಇಂಥ ಎಂಜಿನ್ ಬರೆಯುವವರು ಮೂಲ ಆಟ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ ನೋಡಿ, ಕೆಲವೊಮ್ಮೆ ಅದರ ಪ್ರೋಗ್ರಾಮನ್ನೇ ಬಿಡಿಸಿ ನೋಡಿ, ಅದೇ ನಡವಳಿಕೆಯನ್ನು ತಮ್ಮದೇ ಕೋಡಿನಲ್ಲಿ ಹೊಸದಾಗಿ ಕಟ್ಟುತ್ತಾರೆ. ಚಿತ್ರ ಮತ್ತು ಸದ್ದನ್ನು ಆಡುವವರು ತಾವು ಕೊಂಡ ಪ್ರತಿಯಿಂದ ತಂದು ಹಾಕಿಕೊಳ್ಳಬೇಕು.

ಗೋಲಿ ಆಟಗಳಿಗೆ ಹಾಗೆ ಬಂದದ್ದು ಓಪನ್‌ಎಸ್‌ಎಂಸಿಇ. ಹೆಸರು ಬಾಯಿಗೆ ಸುಲಭವಾಗಿ ಬರೋದಿಲ್ಲ, ನಿಜ. ಓಪನ್ ಸೋರ್ಸ್ ಸ್ಫಿಯರ್ ಮ್ಯಾಚರ್ ಕಮ್ಯುನಿಟಿ ಎಂಜಿನ್ ಅನ್ನೋದರ ಚಿಕ್ಕ ರೂಪ ಅದು. ಶುರುವಾದದ್ದು ಲಕ್ಸರ್ ಆಟವನ್ನು ಇಟ್ಟುಕೊಂಡು. ಬರೆದದ್ದು ಲುವಾ ಭಾಷೆಯಲ್ಲಿ, ಓಡುವುದು ಲವ್ ಅನ್ನೋ ಉಚಿತ ಗೇಮ್ ಫ್ರೇಮ್‌ವರ್ಕ್ (ಆಟ ಕಟ್ಟಲು ಬೇಕಾದ ಸಿದ್ಧ ಚೌಕಟ್ಟು) ಮೇಲೆ. ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪುಟ್ಟ ಭಾಷೆ, ಹೆಸರಿನ ಅರ್ಥ ಚಂದ್ರ. ಕಲಿಯಲು ಸುಲಭ ಆದ್ದರಿಂದ ಮಾಡ್ ಮಾಡುವವರಿಗೆ ಮೊದಲಿಂದಲೂ ಅದು ಅಚ್ಚುಮೆಚ್ಚು.

ಎಂಜಿನ್ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಈ ಆಟದ ಸೊಗಸೆಲ್ಲ ಅಲ್ಲೇ ಇದೆ. ನೋಡುವವರಿಗೆ ಗೋಲಿಗಳು ಅಂಕುಡೊಂಕು ದಾರಿಯಲ್ಲಿ ಓಡುತ್ತಿರುತ್ತವೆ. ಎಂಜಿನ್‌ಗೆ ಆ ದಾರಿ ಒಂದು ನೀಟಾದ ಗೆರೆ, ಎಳೆದು ನೇರ ಮಾಡಿದ ದಾರದ ಹಾಗೆ. ಪ್ರತಿ ಗೋಲಿಗೂ ಒಂದೇ ಅಂಕಿ, ಶುರುವಿನಿಂದ ಎಷ್ಟು ದೂರ ಬಂದಿದೆ ಅಂತ. ಹಿಂದಿನಿಂದ ಏನೋ ಒಂದು ತಳ್ಳುತ್ತಿರುತ್ತದೆ, ತಾಗಿಕೊಂಡಿರುವ ಗೋಲಿಗಳೆಲ್ಲ ಮುಂದೆ ಸರಿಯುತ್ತವೆ. ನೀವು ಹೊಡೆದ ಗೋಲಿ ನಡುವೆ ತೂರಿದರೆ ಅದರ ಮುಂದಿನವೆಲ್ಲ ಒಂದು ಗೋಲಿಯಷ್ಟು ಜರುಗಬೇಕು. ಮೂರು ಸಿಡಿದರೆ ಸಾಲು ಎರಡು ತುಂಡು. ಈಗ ಮುಂದಿನ ತುಂಡನ್ನು ತಳ್ಳುವವರಿಲ್ಲ, ಅದು ಅಲ್ಲೇ ನಿಲ್ಲುತ್ತದೆ. ತುಂಡಾದ ಜಾಗದ ಎರಡೂ ಬದಿಯಲ್ಲಿ ಒಂದೇ ಬಣ್ಣ ಇದ್ದರೆ ಮಾತ್ರ ಮುಂದಿನದು ಆಯಸ್ಕಾಂತ ಎಳೆದಂತೆ ಹಿಂದಕ್ಕೆ ಬಂದು ಡಿಕ್ಕಿ ಹೊಡೆಯುತ್ತದೆ, ಅಲ್ಲಿ ಮತ್ತೆ ಮೂರಾದರೆ ಮತ್ತೆ ಸಿಡಿತ, ಹಾಗೇ ಒಂದರ ಹಿಂದೆ ಒಂದು ಸಿಡಿಯುತ್ತಾ ಹೋದರೆ ಅಂಕ ಏರುತ್ತಾ ಹೋಗುತ್ತದೆ. ಆ ಎಳೆತ ಎಷ್ಟು ಜೋರಿರಬೇಕು, ಡಿಕ್ಕಿಯ ನಂತರ ಸಾಲು ಎಷ್ಟು ಹಿಂದೆ ಸರಿಯಬೇಕು, ಸುರಂಗದೊಳಗೆ ಮರೆಯಾದ ಗೋಲಿಗೆ ಏಟು ತಾಗಬೇಕೋ ಬೇಡವೋ? ಇವುಗಳಲ್ಲಿ ಒಂದು ಸ್ವಲ್ಪ ತಪ್ಪಿದರೂ ಹಳೆಯ ಆಟಗಾರರ ಕೈಗೆ ತಕ್ಷಣ ಗೊತ್ತಾಗುತ್ತದೆ, ಇದು ಆ ಆಟ ಅಲ್ಲ ಅಂತ.

ಓಪನ್‌ಎಸ್‌ಎಂಸಿಇಯಲ್ಲಿ ಇಂಥ ವಿವರಗಳು ಹೊರಗೆ ಬಂದಿವೆ. ಗೋಲಿ, ಹಂತ, ದಾರಿ, ಪವರ್‌ಅಪ್, ಕಿಡಿಗಳು ಎಲ್ಲಕ್ಕೂ ಜೇಸನ್ ಅನ್ನೋ ಸರಳ ಪಠ್ಯದ ಫೈಲುಗಳು. ಹೊಸ ಬಣ್ಣ ಬೇಕಾದರೆ ಹೊಸ ಫೈಲ್ ಬರೆದರಾಯಿತು. ಅಷ್ಟಕ್ಕೂ ಸಾಲದಿದ್ದರೆ ಎಂಜಿನ್‌ನ ಕೋಡೇ ಮುಂದಿದೆ, ಎಂಐಟಿ ಪರವಾನಗಿಯಲ್ಲಿ, ಯಾರು ಬೇಕಾದರೂ ತಿದ್ದಬಹುದು. ಒಂದು ಕಷ್ಟ ಇದೆ: ಎಂಜಿನ್ ಇನ್ನೂ ಬೆಳೆಯುತ್ತಿದೆ, ಫೈಲುಗಳ ವಿನ್ಯಾಸ ಬದಲಾದಾಗ ಹಳೆಯ ಮಾಡ್‌ಗಳನ್ನು ಮತ್ತೆ ಸರಿಮಾಡಬೇಕು. ಅಂಥ ಕೆಲಸ ಬೇಸರ ತರಿಸುತ್ತದೆ, ಆದರೂ ಬೀಗ ಹಾಕಿದ ಇಎಕ್ಸ್‌ಇಗಿಂತ ಇದು ಎಷ್ಟೋ ಮೇಲು.

ಇದು ಕಳ್ಳತನ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಕಾಪಿರೈಟ್ ಇರುವುದು ಬರೆದ ಕೋಡಿಗೆ, ಬಿಡಿಸಿದ ಚಿತ್ರಕ್ಕೆ, ಮಾಡಿದ ಸಂಗೀತಕ್ಕೆ. ಮೂರು ಸೇರಿದರೆ ಸಿಡಿಯಬೇಕು ಅನ್ನೋ ನಿಯಮಕ್ಕಲ್ಲ. ಈ ಎಂಜಿನ್‌ನ ಕೋಡ್ ಹೊಸದಾಗಿ ಬರೆದದ್ದು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಕೂಡ, ಒಂದು ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿರುವವರು ಅದರ ಜೊತೆ ಹೊಂದಿಕೊಂಡು ಕೆಲಸ ಮಾಡುವ ಬೇರೆ ಪ್ರೋಗ್ರಾಮಿಗೆ ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಅದರಿಂದ ತಿಳಿದುಕೊಳ್ಳಲು ಅವಕಾಶ ಕೊಡುತ್ತದೆ. ಕಂಪನಿಯ ಚಿತ್ರಗಳನ್ನು ಸುಮ್ನೆ ಎತ್ತಿ ಎಲ್ಲರಿಗೂ ಹಂಚಿದರೆ ಮಾತ್ರ ಅದು ತಪ್ಪು. ಓಪನ್‌ಟಿಟಿಡಿಯವರು ಇದಕ್ಕೂ ದಾರಿ ಹುಡುಕಿದರು. ತಮ್ಮದೇ ಉಚಿತ ಚಿತ್ರಗಳನ್ನು ಬಿಡಿಸಿಕೊಂಡು, 2010ರ ಹೊತ್ತಿಗೆ ಮೂಲ ಆಟದ ಫೈಲುಗಳೇ ಬೇಡ ಅನ್ನುವಂತೆ ಮಾಡಿದರು. ಗೋಲಿ ಆಟಕ್ಕೂ ಹಾಗೆ ಮಾಡುವುದು ಕಷ್ಟವೇನಲ್ಲ, ಬೇಕಾದದ್ದು ಕೆಲವು ಗೋಲಿ, ಒಂದಿಷ್ಟು ಹಿನ್ನೆಲೆಯ ಚಿತ್ರ, ನಾಲ್ಕು ಸದ್ದು.

ಕನ್ನಡದಲ್ಲಿ ಒಂದು ಗೋಲಿ ಆಟ ಮಾಡಬೇಕು ಅಂತ ಹೊರಟರೆ ಮಾತ್ರ ಅಕ್ಷರದ ಹತ್ತಿರ ತೊಡಕು ಬರುತ್ತದೆ. ಲವ್‌ನ 11ನೇ ಸರಣಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಅಷ್ಟೇ. ಇಂಗ್ಲಿಷಿಗೆ ಅಷ್ಟು ಸಾಕು. 'ಸ್ಕೋರ್' ಅಂತ ಬರೆಯಲು ಕಂಪ್ಯೂಟರ್ ಒಳಗೆ ಆರು ಸಂಕೇತ ಇರುತ್ತವೆ. ಅವುಗಳನ್ನು ಕೂಡಿಸಿ ಒತ್ತಕ್ಷರ ಕೆಳಗೆ, ದೀರ್ಘ ಪಕ್ಕಕ್ಕೆ ಕೂರಿಸುವವರು ಬೇಕು. ಆ ಕೆಲಸ ಮಾಡುವ ಹಾರ್ಫ್‌ಬಜ್ ಅನ್ನು ಲವ್‌ನ 12ನೇ ಆವೃತ್ತಿಯ ಕೋಡಿಗೆ ಸೇರಿಸಿದ್ದಾರೆ. ಎಂಜಿನ್ ಆ ಆವೃತ್ತಿಗೆ ಬರುವ ತನಕ ಒಂದು ಉಪಾಯ ಉಂಟು: 'ಆಟ ಶುರು', 'ಮುಂದಿನ ಹಂತ' ಇಂಥ ಪದಗಳನ್ನು ಚಿತ್ರವಾಗಿಯೇ ಬಿಡಿಸಿ ಹಾಕುವುದು. ಅಂಕಿಗಳಿಗೆ ತೊಂದರೆಯೇ ಇಲ್ಲ. ಕನ್ನಡ ಅಂಕಿಗೆ ಒತ್ತಕ್ಷರ ಇಲ್ಲವಲ್ಲ, ೦ಯಿಂದ ೯ರವರೆಗೆ ಹತ್ತು ಚಿತ್ರ ಬಿಡಿಸಿದರೆ ಸ್ಕೋರ್ ಇವತ್ತೇ ಕನ್ನಡದಲ್ಲಿ ಓಡುತ್ತದೆ.